ಬೀದರಣ್ಣನ ಕೋಡಿ

ಠಾಣಾ ಕುಶನೂರಿನ ದತ್ತಾತ್ರಿಗೆ ಹರಿದು ಹೋಗುವ ನೀರು ಕಂಡರೆ ಆಗುತ್ತಿರಲಿಲ್ಲ. ಕೆಲವರಿಗೆ ಹಾವು ಕಂಡರೆ ಆಗದು, ಕೆಲವರಿಗೆ ಬೀಗರು ಕಂಡರೆ ಆಗದು. ಇವನಿಗೆ ಹರಿಯುವ ನೀರು. ಔರಾದ ಬಸ್ ನಿಲ್ದಾಣದ ನಳ ಸೋರುತ್ತಿದ್ದರೆ, ಬಸ್ಸು ಬಂದು ನಿಂತಿದ್ದರೂ ಹತ್ತದೆ, ಜೇಬಿನಿಂದ ಸುತಳಿ ತೆಗೆದು ನಳಕ್ಕೆ ಬಿಗಿದು ಕಟ್ಟುತ್ತಿದ್ದ. ಹಾಗೆ ಎರಡು ಸಲ ಬಸ್ಸು ಬಿಟ್ಟೇ ಹೋಗಿದೆ. ಮನೆಯ ಬಚ್ಚಲ ನೀರಿಗೂ ಅಂಗಳದಲ್ಲಿ ಗೇಣೆತ್ತರದ ಬದು ಕಟ್ಟಿ, ಅದನ್ನು ನುಗ್ಗೆ ಗಿಡದ ಬುಡಕ್ಕೆ ತಿರುಗಿಸಿದ್ದ. ಹೆಂಡತಿ ಅನುಸೂಯಾಬಾಯಿ ಮೂವತ್ತೈದು ವರ್ಷದಿಂದ ಆ ಬದುವನ್ನು ಎಡವುತ್ತಲೇ ಬಂದಿದ್ದಾಳೆ.

ಅವನ ಕಸುಬು ಒಡ್ಡು ಕಟ್ಟುವುದು. ಹೊಲದ ಬದು, ಕೃಷಿ ಹೊಂಡದ ದಂಡೆ, ಸಣ್ಣ ಕೆರೆಯ ಏರಿ, ಒಟ್ಟಿನಲ್ಲಿ ಮಣ್ಣಿನಿಂದ ನೀರು ತಡೆಯುವ ಯಾವ ಕೆಲಸವಾದರೂ ಔರಾದ, ಭಾಲ್ಕಿ ಎರಡೂ ತಾಲೂಕಿನವರು ಅವನಿಗೇ ಹೇಳಿಕಳಿಸುತ್ತಿದ್ದರು. ಈಗ ಜೆಸಿಬಿ ಬಂದಿದೆ. ಅರ್ಧ ದಿನದಲ್ಲಿ ಗುಡ್ಡದಷ್ಟು ಮಣ್ಣು ಒಟ್ಟಿ ಹೋಗುತ್ತದೆ. ಅದು ಮಣ್ಣು ಹಾಕುವುದು, ಒಡ್ಡು ಕಟ್ಟುವುದಲ್ಲ ಎಂದು ದತ್ತಾತ್ರಿ ಮೂಗು ಮುರಿಯುತ್ತಿದ್ದ. ಅವನ ಮೂಗು ಮುರಿಯುವಿಕೆಗೆ ಕಾರಣವೂ ಇತ್ತು. ಜೆಸಿಬಿ ಹಾಕಿದ ಒಡ್ಡು ಎರಡನೇ ಮಳೆಗೆ ಸೋರಲು ಶುರುವಾದಾಗ ಜನ ಬರುತ್ತಿದ್ದುದು ಅವನ ಮನೆಗೇ.

ಸೋರುವ ಒಡ್ಡನ್ನು ಅವನು ಕಣ್ಣಿನಿಂದ ನೋಡುತ್ತಿರಲಿಲ್ಲ. ಬಿಸಿಲು ಚೆನ್ನಾಗಿ ಏರುವವರೆಗೆ ಬೇವಿನ ನೆರಳಲ್ಲಿ ಕೂತಿದ್ದು, ಮಣ್ಣು ಕಾದ ಮೇಲೆ ಚಪ್ಪಲಿ ಬಿಟ್ಟು ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ನಡೆಯುತ್ತಿದ್ದ. ಒಳಗೆ ಎಲ್ಲಿ ನೀರು ಕಳ್ಳದಾರಿ ಮಾಡಿಕೊಂಡಿದೆಯೋ ಅಲ್ಲಿ ಮೇಲಿನ ಮಣ್ಣು ಕೂದಲೆಳೆಯಷ್ಟು ತಣ್ಣಗಿರುತ್ತದಂತೆ. ಅದು ಅವನ ಅಂಗಾಲಿಗೆ ಗೊತ್ತಾಗುತ್ತಿತ್ತು. ಅಲ್ಲಿ ನಿಂತು, ಹಿಮ್ಮಡಿಯಿಂದ ಗೀರಿ, ಅಗೆಯಿರಿ ಎನ್ನುತ್ತಿದ್ದ. ಅಗೆದರೆ ಇಲಿ ಬಿಲವೋ, ಕೊಳೆತ ಬೇರೋ ಸಿಕ್ಕೇ ಸಿಗುತ್ತಿತ್ತು.

ಇನ್ನೊಂದು ಪದ್ಧತಿ ಅವನ ಅಪ್ಪನ ಕಾಲದಿಂದ ಬಂದದ್ದು. ಒಡ್ಡಿನ ಕೊನೆಯ ಪುಟ್ಟಿ ಮಣ್ಣು ಆ ಮನೆಯ ಹೆಣ್ಣುಮಗಳ ಕೈಯಿಂದಲೇ ಬೀಳಬೇಕು. ಮಗಳಿಲ್ಲದ ಮನೆಯಾದರೆ ನೆರೆಮನೆಯವಳನ್ನು ಕರೆತರುತ್ತಿದ್ದ, ಅಲ್ಲಿಯವರೆಗೆ ಕೆಲಸ ಮುಗಿಯಿತು ಎನ್ನುತ್ತಿರಲಿಲ್ಲ. ಅವನ ಸ್ವಂತ ಹೊಲದ ಒಡ್ಡಿಗೆ ಆ ಪುಟ್ಟಿ ಹಾಕಿದವಳು ಐದು ವರ್ಷದ ಮಗಳು ವಿಶಾಖಾ. ಪುಟ್ಟಿಯ ಜೊತೆಗೆ ತಾನೂ ಬಿದ್ದಿದ್ದಳು. ಆ ಒಡ್ಡಿನ ಮೇಲೆ ಈಗ ಇಪ್ಪತ್ತನಾಲ್ಕು ಮಳೆಗಾಲ ಕಳೆದಿವೆ.

ಕಟ್ಟಿದ ಒಡ್ಡುಗಳು ಮಾತ್ರ ಅವನ ಹೆಸರಿನಲ್ಲಿ ಇರಲಿಲ್ಲ. ಹೊಲ ಯಾರದೋ ಒಡ್ಡು ಅವರದು. ಊರ ಮೇಲೆ ಊರು ತಿರುಗಿದರೂ ಪಾಟೀಲರ ಒಡ್ಡು, ಗೌಡರ ಒಡ್ಡು ಎಂದೇ ಕೇಳಿಸುತ್ತಿತ್ತು. ಅದರ ಬಗ್ಗೆ ಅವನು ಬಾಯಿ ಬಿಟ್ಟು ಏನೂ ಅಂದವನಲ್ಲ. ಕುಶನೂರಿನ ಬಸ್ ನಿಲ್ದಾಣದೆದುರಿನ ಅಬ್ದುಲ ಖಾದರನ ಹೋಟೆಲಿನಲ್ಲಿ ಚಹಾ ಬರುವ ಮೊದಲು ಒಂದೇ ಒಂದು ಮಾತು ಹೇಳುತ್ತಿದ್ದ: ನಲವತ್ತು ವರ್ಷವಾಯಿತು, ತಾನು ಕಟ್ಟಿದ ಒಂದು ಒಡ್ಡೂ ಒಡೆದಿಲ್ಲ. ಅಬ್ದುಲ ಖಾದರ ಆ ಮಾತು ಮುಗಿಯುವವರೆಗೆ ಚಹಾ ಸೋಸುತ್ತಿರಲಿಲ್ಲ; ಮುಗಿಯದಿದ್ದರೆ ಇವನು ಚಹಾ ಕುಡಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಒಂದು ದಿನ ಫೋನು ಮಾಡಿ, "ಅಪ್ಪಾ, ಇವತ್ತ ಎರಡು ಕಡಿ ಒಡ್ಡ ಒಡದೇವಿ. ಭಾಳ ಚಲೋ ಆತು," ಅಂದಳು.

ದತ್ತಾತ್ರಿ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹೊರಗೆ ಹೋದ.

ವಿಶಾಖಾ ಅರಣ್ಯ ವಿಜ್ಞಾನ ಓದಿ, ಕುಮಟಾ ಕಡೆ ಸಮುದ್ರ ದಂಡೆಯ ಒಂದು ಹಳ್ಳಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಹೊಳೆ ಸಮುದ್ರ ಸೇರುವ ಕಡೆ ಹಿಂದೆ ದಟ್ಟವಾಗಿ ಕಾಂಡ್ಲಾ ಕಾಡು ಇತ್ತಂತೆ. ಉಪ್ಪು ನೀರಿನಲ್ಲೇ ಬೇರು ಬಿಟ್ಟು ನಿಲ್ಲುವ ಗಿಡ ಅದು. ಅದರ ಬುಡದಲ್ಲೇ ಮೀನು, ಏಡಿ ಮರಿ ಮಾಡುವುದು. ಮೂವತ್ತು ವರ್ಷದ ಹಿಂದೆ ಸಿಗಡಿ ಸಾಕುವ ಹುಚ್ಚು ಬಂದು, ಕಾಂಡ್ಲಾ ಕಡಿದು, ಸುತ್ತ ಒಡ್ಡು ಹಾಕಿ ಹೊಂಡ ಮಾಡಿದರು. ಸಿಗಡಿಗೆ ರೋಗ ಬಂತು, ಮಾಲಕರು ಕೈ ಕೊಡವಿ ಎದ್ದು ಹೋದರು. ಹೊಂಡಗಳು ಮಾತ್ರ ಉಳಿದವು. ಹೊಳೆಯ ನೀರು ಒಳಗೆ ಬಾರದೆ, ಒಳಗಿನ ಮಣ್ಣು ಉಪ್ಪು ಕಟ್ಟಿ ಬೆಳ್ಳಗಾಗಿತ್ತು. ಅಲ್ಲಿ ಮತ್ತೆ ಕಾಂಡ್ಲಾ ಬೆಳೆಸುವುದೇ ವಿಶಾಖಾಳ ಕೆಲಸ. ಅದಕ್ಕೆ ಮೊದಲು ಒಡ್ಡು ಒಡೆದು, ಸಮುದ್ರದ ಉಬ್ಬರ ಒಳಗೆ ಬಂದು ಇಳಿತದಲ್ಲಿ ಹೊರಗೆ ಹೋಗುವ ಹಾಗೆ ಮಾಡಬೇಕು.

ಒಟ್ಟು ಏಳು ಹೊಂಡ. ಊರಿನ ಸಮಿತಿಯವರು ಪರೀಕ್ಷೆಗೆಂದು ಒಂದನ್ನು ಮಾತ್ರ ಅವಳಿಗೆ ಕೊಟ್ಟಿದ್ದರು. ಬರುವ ಮಳೆಗಾಲ ಮುಗಿಯುವುದರೊಳಗೆ ಅದರಲ್ಲಿ ಹಸಿರು ನಿಂತರೆ ಉಳಿದ ಆರೂ ಅವಳಿಗೆ. ನಿಲ್ಲದಿದ್ದರೆ ಎಲ್ಲವನ್ನೂ ಮಣ್ಣು ತುಂಬಿಸಿ, ರೆಸಾರ್ಟ್ ಕಟ್ಟುತ್ತೇನೆಂದು ಕಾದು ಕೂತವನೊಬ್ಬನಿಗೆ ಕೊಡುವುದು. ಇದನ್ನೆಲ್ಲ ಅವಳು ಅಪ್ಪನಿಗೆ ಫೋನಿನಲ್ಲಿ ಮೂರು ಸಲ ಬಿಡಿಸಿ ಹೇಳಿದ್ದಳು. ಮೂರು ಸಲವೂ ಅವನು ಹೂಂಗುಟ್ಟಿದ್ದ. ಒಡ್ಡು ಒಡೆಯುವುದು ಎಂಬ ಮಾತು ಬಂದ ಕೂಡಲೇ ಅವನ ಕಿವಿ ಮುಚ್ಚಿಕೊಳ್ಳುತ್ತಿತ್ತು.

ಮಾರ್ಚಿನಲ್ಲಿ ತೊಗರಿ ರಾಶಿ ಮುಗಿದಿತ್ತು. ಅನುಸೂಯಾಬಾಯಿ ಸಮುದ್ರ ನೋಡದೆ ಸಾಯುವುದಿಲ್ಲ ಎಂದು ಹಠ ಹಿಡಿದಳು. ಬೇಕಾದರೆ ನೀನಿಲ್ಲಿ ಒಡ್ಡು ಕಾಯುತ್ತ ಇರು, ನಾನು ಮಗಳ ಹತ್ತಿರ ಹೋಗುತ್ತೇನೆ ಅಂದಳು. ದತ್ತಾತ್ರಿ ಹೊರಟ. ಅವಳು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ, ಅವನು ತನ್ನ ಸಲಿಕೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡ. ಸಮುದ್ರ ನೋಡಲು ಸಲಿಕೆ ಯಾಕೆ ಎಂದು ಬೀದರದ ಬಸ್ಸಿನ ಕಂಡಕ್ಟರನೂ ಕೇಳಿದ, ಹುಬ್ಬಳ್ಳಿಯಲ್ಲಿ ಬದಲಿಸಿದ ಬಸ್ಸಿನ ಕಂಡಕ್ಟರನೂ ಕೇಳಿದ. ಇಬ್ಬರಿಗೂ ಅವನು ಎರಡು ಟಿಕೆಟ್ಟಿನ ದುಡ್ಡು ಎಣಿಸಿ ಕೊಟ್ಟ. ಸಲಿಕೆ ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಮೊದಲ ದಿನ ಹೊಳೆಯ ದಂಡೆಯಲ್ಲಿ ನಿಂತು ನೋಡಿದ. ಬೆಳಿಗ್ಗೆ ಮಂಡಿ ಮಟ್ಟ ಇದ್ದ ನೀರು ಮಧ್ಯಾಹ್ನಕ್ಕೆ ಎದೆ ಮಟ್ಟಕ್ಕೆ ಬಂದಿತ್ತು, ಸಂಜೆಗೆ ಎಲ್ಲ ಖಾಲಿ. ಯಾವ ಡ್ಯಾಮಿನಿಂದ ಬಿಡುತ್ತಾರೆ ಎಂದು ಕೇಳಿದ. ವಿಶಾಖಾ ನಕ್ಕು, ಇದೆಲ್ಲ ಚಂದ್ರನ ಕೆಲಸ ಎಂದು ವಿವರಿಸಿದಳು. ನೀರಾವರಿ ಖಾತೆ ಚಂದ್ರನ ಕೈಗೆ ಹೋಗಿದ್ದು ದತ್ತಾತ್ರಿಗೆ ಸರಿ ಕಾಣಲಿಲ್ಲ. ಇಷ್ಟು ನೀರು ದಿನಕ್ಕೆ ಎರಡು ಸಲ ಬಂದು ಸುಮ್ಮನೆ ವಾಪಸು ಹೋಗುತ್ತದೆ, ತಡೆಯುವವರು ಒಬ್ಬರೂ ಇಲ್ಲ ಎಂದು ರಾತ್ರಿಯ ಊಟದಲ್ಲೂ ಅದೇ ಮಾತು.

ಅನುಸೂಯಾಬಾಯಿಗೆ ಅಂಥ ಚಿಂತೆ ಇರಲಿಲ್ಲ. ಅವಳು ಸೀರೆ ಎತ್ತಿ ಕಟ್ಟಿ ನೀರಿನಲ್ಲಿ ಕಾಲಿಟ್ಟು ಕೂತಳೆಂದರೆ ಊಟಕ್ಕೆ ಕರೆಯಬೇಕು. ಬೀರಮ್ಮ ಎಂಬ, ಹೊಳೆಯಲ್ಲಿ ಬಳಚು ಆರಿಸಿ ಮಾರುವ ಹೆಂಗಸು ಎರಡೇ ದಿನದಲ್ಲಿ ಅವಳ ಗೆಳತಿಯಾದಳು. ಬಳಚು ಅಂದರೆ ಚಿಪ್ಪಿನೊಳಗಿನ ಹುಳ ಎಂದು ಗೊತ್ತಾದ ಮೇಲೂ ಗೆಳೆತನ ಮುರಿಯಲಿಲ್ಲ. ವಿಶಾಖಾ ನೆಟ್ಟ ಸಸಿಗಳನ್ನು ನೋಡಿಕೊಳ್ಳುವ ಹೆಂಗಸರಿಗೆಲ್ಲ ಬೀರಮ್ಮನೇ ಮುಂದಾಳು. ಅವಳು ದತ್ತಾತ್ರಿಯನ್ನು ಬೀದರಣ್ಣ ಎಂದು ಕರೆಯತೊಡಗಿದಳು, ಉಳಿದವರೂ ಹಾಗೇ ಕರೆದರು.

ವಿಶಾಖಾ ತನ್ನ ಹೊಂಡ ತೋರಿಸಿದಳು. ಆರು ನೂರು ಸಸಿ, ಒಂದೊಂದೂ ಮೊಳಕಾಲೆತ್ತರ. ಹೊಳೆಯ ಕಡೆಯ ಒಡ್ಡಿನಲ್ಲಿ ಎರಡು ಕಡೆ ನೀಟಾಗಿ ಕಡಿದು, ಅಂಚಿಗೆ ಕಲ್ಲು ಕೂಡಿಸಿದ್ದರು. ಒಡೆದದ್ದು ಇದೇ ಎಂದಾಗ ದತ್ತಾತ್ರಿ ಗಟ್ಟಿ ಮನಸ್ಸು ಮಾಡಿ ನೋಡಿದ. ಕಡಿದ ಕೆಲಸ ಚೊಕ್ಕವಾಗಿತ್ತು, ಒಪ್ಪಿಕೊಂಡ. ಹೊಂಡದ ದೂರದ ಮೂಲೆಯಲ್ಲಿ ಮಾತ್ರ ಬರೀ ಬೆಳ್ಳಗಿನ ಮಣ್ಣು. ಅಲ್ಲಿ ಎರಡು ಸಲ ನೆಟ್ಟರೂ ಸಸಿ ಸತ್ತವು, ಆ ಮೂಲೆ ಕೈಬಿಟ್ಟಿದ್ದೇನೆ ಎಂದಳು ವಿಶಾಖಾ. ಮರುದಿನ ಅವಳು ಹನ್ನೆರಡು ದಿನದ ತರಬೇತಿಗೆಂದು ಮಂಗಳೂರಿಗೆ ಹೋದಳು. ಅದೇ ದಿನ ಬೀರಮ್ಮನೂ ಉಳಿದ ಹೆಂಗಸರನ್ನು ಕಟ್ಟಿಕೊಂಡು ತಂಗಿಯ ಮಗಳ ಮದುವೆಗೆ ಹೋದಳು.

ಇನ್ನು ದತ್ತಾತ್ರಿಯ ಕೈ ತಡೆಯುವವರು ಯಾರೂ ಉಳಿಯಲಿಲ್ಲ.

ಅವನು ಒಡ್ಡಿನ ಮೇಲೆ ಸುತ್ತು ಹಾಕುತ್ತ ಹಿಂಭಾಗಕ್ಕೆ ಹೋದ. ಅಲ್ಲಿ ಕೇದಗೆ ಮೆಳೆಯ ಮರೆಯಲ್ಲಿ ಇನ್ನೊಂದು ಬಾಯಿ ಕಂಡಿತು. ಇದಕ್ಕೆ ಕಲ್ಲಿರಲಿಲ್ಲ, ಅಂಚಿರಲಿಲ್ಲ. ಮೇಲೆ ಅಗಲ, ಕೆಳಗೆ ಕಿರಿದು, ಎರಡೂ ಬದಿಗೆ ಮಣ್ಣು ಕುಸಿದು ಬಿದ್ದಿತ್ತು. ನಲವತ್ತು ವರ್ಷ ಪಳಗಿದ ಕಣ್ಣು ಒಂದೇ ನೋಟಕ್ಕೆ ತೀರ್ಪು ಕೊಟ್ಟಿತು: ಇದು ಕಡಿದದ್ದಲ್ಲ, ಒಡೆದದ್ದು. ಪಾಪ, ಮಗಳಿಗೆ ಗೊತ್ತೇ ಇಲ್ಲ; ಗೊತ್ತಿದ್ದರೆ ತೋರಿಸುತ್ತಿರಲಿಲ್ಲವೇ ಎಂದುಕೊಂಡ. ಫೋನು ಮಾಡಿ ಕೇಳಬಹುದಿತ್ತು. ಆದರೆ ನಿನ್ನ ಒಡ್ಡು ಒಡೆದಿದೆ ಎಂದು ಯಾವ ಬಾಯಿಂದ ಮಗಳಿಗೆ ಹೇಳುವುದು? ಅವಳು ಬರುವುದರೊಳಗೆ ಸರಿ ಮಾಡಿಟ್ಟರೆ ಸಾಕು.

ನಾಲ್ಕು ದಿನ, ಇಳಿತದ ಹೊತ್ತು ನೋಡಿಕೊಂಡು ಕೆಲಸ ಮಾಡಿದ. ಹೊಳೆಯ ಜಿಗಟು ಮಣ್ಣು, ನಡುವೆ ತೆಂಗಿನ ಸಿಪ್ಪೆ, ಮೇಲೆ ಮತ್ತೆ ಮಣ್ಣು. ತೆಂಗಿನ ಬೊಡ್ಡೆಯ ತುಂಡಿನಿಂದ ದಿಮ್ಮಸು ಮಾಡಿಕೊಂಡು ಒಂದೊಂದು ಪದರವನ್ನೂ ಬಡಿದ. ಕೊನೆಯ ಪುಟ್ಟಿಗೆ ಮನೆಮಗಳು ಊರಲ್ಲಿರಲಿಲ್ಲ. ನೀನೂ ಯಾರದೋ ಮನೆಯ ಮಗಳೇ ಅಲ್ಲವೇ ಎಂದು ಅನುಸೂಯಾಬಾಯಿಯನ್ನು ಸಮುದ್ರದಿಂದ ಎಬ್ಬಿಸಿ ತಂದ. ಅವಳು ಪುಟ್ಟಿ ಸುರಿದು, ಕೈ ತೊಳೆದುಕೊಂಡು, ಮತ್ತೆ ಸಮುದ್ರಕ್ಕೆ ಹೋದಳು.

ಹುಣ್ಣಿಮೆಯ ದೊಡ್ಡ ಉಬ್ಬರ ಬಂತು. ನೀರು ಆ ಎರಡು ಬಾಯಿಗಳ ಮೂಲಕ ಹೊಂಡಕ್ಕೆ ನುಗ್ಗಿತು. ಇಳಿತ ಬಂತು, ಹೊಂಡದ ನೀರು ಕದಲಲಿಲ್ಲ. ದಡ ತುಂಬಿ ತುಳುಕುವ ಹೊಂಡ ನೋಡಿ ದತ್ತಾತ್ರಿಯ ಎದೆಯೂ ತುಂಬಿತು. ಆನಂದ ತಡೆಯಲಾರದೆ ಅಬ್ದುಲ ಖಾದರನಿಗೆ ವಿಡಿಯೋ ಕಾಲ್ ಮಾಡಿ ಕ್ಯಾಮೆರಾ ತಿರುಗಿಸಿ ತೋರಿಸಿದ. ಕುಶನೂರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಒಂದೇ ಫೋನಿಗೆ ತಲೆ ಹಾಕಿ ನೋಡಿದರು. ಮಾಶಾಅಲ್ಲಾ, ಇಂಥ ನೀರು ನಮ್ಮ ಕೆರೆಗೆ ಎಂದು ಬರುವುದೋ ಎಂದು ಅಬ್ದುಲ ಖಾದರ ನಿಟ್ಟುಸಿರು ಬಿಟ್ಟ.

ಮದುವೆ ಮುಗಿಸಿ ಬೀರಮ್ಮ ವಾಪಸಾದದ್ದು ಹತ್ತನೇ ದಿನ. ಒಡ್ಡಿನ ಮೇಲೆ ಬಂದವಳು ತುಂಬಿದ ಹೊಂಡವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ದತ್ತಾತ್ರಿ ಹೊಗಳಿಕೆಗೆ ಕಾದ. ಅವಳು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಅವನನ್ನು ಹೊಂಡದ ಅಂಚಿನಲ್ಲಿದ್ದ ಒಂದು ಹಳೆಯ ಕಾಂಡ್ಲಾ ಮರದ ಬುಡಕ್ಕೆ ಕರೆದುಕೊಂಡು ಹೋಗಿ, ನೀರಿನಲ್ಲಿ ಕೈ ಹಾಕಿ ನೋಡಿ ಅಂದಳು. ಹಾಕಿದ. ಕೆಳಗೆ ಪೆನ್ಸಿಲಿನಂಥ ಕಡ್ಡಿಗಳು ಸಾಲುಸಾಲಾಗಿ ಮೇಲ್ಮುಖವಾಗಿ ನಿಂತಿದ್ದವು. ಅವನು ಮೊದಲೇ ಕಂಡಿದ್ದ. ಯಾರೋ ಗಿಡ ಸವರಿದ ಕೂಳೆ ಎಂದುಕೊಂಡಿದ್ದ. ಬೀರಮ್ಮ ಹೇಳಿದಳು, ಇವು ಬೇರು, ಈ ಮರ ಇವುಗಳಿಂದಲೇ ಉಸಿರಾಡುವುದು, ದಿನಕ್ಕೆ ಎರಡು ಸಲವಾದರೂ ಇವಕ್ಕೆ ಗಾಳಿ ಸಿಗಬೇಕು. ಮುಂದಿನ ಎರಡು ಬಾಯಿ ಎತ್ತರದಲ್ಲಿವೆ, ಅವು ನೀರು ಬರುವುದಕ್ಕೆ. ಹಿಂದಿನದು ಎಲ್ಲಕ್ಕಿಂತ ತಗ್ಗು, ಅದು ಹೋಗುವುದಕ್ಕೆ. ಅದನ್ನು ಹೋದ ವರ್ಷ ಮಳೆಗಾಲದಲ್ಲಿ ಹೊಳೆಯೇ ಒಡೆದುಕೊಂಡಿತ್ತು. ಒಳ್ಳೆಯದೇ ಆಯಿತೆಂದು ವಿಶಾಖಾ ಹಾಗೇ ಬಿಟ್ಟಿದ್ದಳು.

"ಹೊಂಡದ ಮೂಗು ಮುಚ್ಚಿಬಿಟ್ರಲ್ಲ ಬೀದರಣ್ಣಾ," ಅಂದಳು.

ಆಗ ಅವನಿಗೆ ಸಸಿಗಳು ಕಂಡವು. ಕೆಳಗಿನ ಎಲೆಗಳು ಹಳದಿಯಾಗಿದ್ದವು. ಇಷ್ಟು ದಿನ ಅವನು ನೀರು ನೋಡುತ್ತಿದ್ದ, ಗಿಡ ನೋಡಿರಲಿಲ್ಲ. ಅರವತ್ತಮೂರು ವರ್ಷದ ಮನುಷ್ಯನಿಗೆ, ಸಾಲಿಯಲ್ಲಿ ಮಾಸ್ತರರ ಎದುರು ನಿಂತ ಹುಡುಗನಿಗಾಗುವಂಥ ನಾಚಿಕೆಯಾಯಿತು. ಮಗಳ ಆರು ನೂರು ಸಸಿಯನ್ನು ಬೇರೆ ಯಾರೂ ಅಲ್ಲ, ಅವಳ ಅಪ್ಪನೇ ಉಸಿರು ಕಟ್ಟಿಸಿ ಕೊಲ್ಲುತ್ತಿದ್ದಾನೆ. ಆ ಮಧ್ಯಾಹ್ನ ಅವನು ಊಟದ ತಾಟು ಮುಟ್ಟಲಿಲ್ಲ. ಫೋನು ಮಾಡು, ಮುಚ್ಚಿಡಬೇಡ ಎಂದು ಅನುಸೂಯಾಬಾಯಿ ಫೋನನ್ನು ತಾಟಿನ ಪಕ್ಕಕ್ಕಿಟ್ಟಳು.

"ಅವ್ವಾ, ನಾ ಒಂದು ಒಡ್ಡ ಕಟ್ಟೀನಿ," ಅಂದ, ಮಗಳಿಗೆ ಫೋನು ಹಚ್ಚಿ.

ಈ ಮಾತು ಅವನು ಮಗಳಿಗೆ ನೂರು ಸಲ ಹೇಳಿದ್ದ. ಎಷ್ಟು ಉದ್ದ ಅಪ್ಪಾ ಎಂದು ಅವಳು ನೂರು ಸಲ ಕೇಳಿದ್ದಳು. ಈ ಸಲ ಅವಳು ಹಾಗೆ ಕೇಳಲಿಲ್ಲ.

"ಎಲ್ಲಿ?"

ಅವನು ಹೇಳಿದ. ಸ್ವಲ್ಪವಾದರೂ ಸೋರುತ್ತಿದೆಯೇ ಎಂದು ಕೇಳಿದಳು. ಒಂದು ಹನಿಯೂ ಇಲ್ಲ ಎಂದ ದತ್ತಾತ್ರಿ. ಅಷ್ಟು ನಾಚಿಕೆಯ ನಡುವೆಯೂ ಆ ಮಾತಿನಲ್ಲಿ ಒಂದು ಚೂರು ಜಂಬ ಇಣುಕಿದ್ದು ಅವನಿಗೇ ಕೇಳಿಸಿತು. ವಿಶಾಖಾ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಈಗಲೇ ಕೈ ಹಾಕಬೇಡ, ತುಂಬಿದ ನೀರು ಒಮ್ಮೆಲೇ ನುಗ್ಗಿದರೆ ಸಸಿಗಳನ್ನು ಕಿತ್ತುಕೊಂಡು ಹೋಗುತ್ತದೆ, ನಾನು ಬರುತ್ತೇನೆ ಅಂದಳು. ತರಬೇತಿ ಮುಗಿಯುವ ಮೊದಲೇ ಹೊರಟು ಮರುದಿನ ಬೆಳಿಗ್ಗೆ ಬಂದಿಳಿದಳು.

ಬಂದವಳು ಒಡ್ಡಿನ ಮೇಲೆ ನಿಂತು, ಸಲಿಕೆಯ ಹಿಡಿಯಿಂದ ಒಂದೆರಡು ಕಡೆ ಕುಟ್ಟಿ ನೋಡಿದಳು. ಕಲ್ಲಿನ ಹಾಗೆ ಸದ್ದು ಬಂತು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನೀ ಕಟ್ಟಿದ್ದು ಒಡೀಲಾಕ ನನ್ನ ಕೈಲೆ ಆಗಂಗಿಲ್ಲ. ನೀನೇ ಒಡೀಬೇಕು," ಅಂದಳು.

ದತ್ತಾತ್ರಿಗೆ ಇದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಒಡೆಯುವ ಕೈ ಅವನದಲ್ಲ. ಸ್ವಲ್ಪ ಹೊತ್ತು ಕೊಡು ಎಂದ. ಬಿಸಿಲು ಏರಿತ್ತು. ಚಪ್ಪಲಿ ಬಿಟ್ಟ. ಯಾಕೆ ಬಿಟ್ಟನೆಂದು ಅವನಿಗೇ ತಿಳಿಯದು. ತಲೆ ಓಡದಿದ್ದಾಗ ಕಾಲು ತನ್ನ ಕೆಲಸ ತಾನು ಮಾಡುತ್ತದೆ. ಮೆಲ್ಲಗೆ, ಒಂದೊಂದೇ ಹೆಜ್ಜೆ ಇಡುತ್ತ ಹಿಂಭಾಗದ ಒಡ್ಡಿನುದ್ದಕ್ಕೂ ನಡೆದ. ತಾನು ಕಟ್ಟಿದ ಭಾಗ ಬಿಸಿ ಹೆಂಚಿನಂತೆ ಸುಡುತ್ತಿತ್ತು. ಅಲ್ಲಿಂದ ಎಡಕ್ಕೆ, ಮೂವತ್ತು ವರ್ಷದ ಹಳೆಯ ಒಡ್ಡಿನ ಮೇಲೆ, ಹನ್ನೆರಡನೇ ಹೆಜ್ಜೆಗೆ ಅಂಗಾಲು ತಣ್ಣಗಾಯಿತು. ಹಿಂದೆ ಹೋಗಿ ಮತ್ತೆ ನಡೆದ. ಅದೇ ಜಾಗ. ಹಿಮ್ಮಡಿಯಿಂದ ಗೀರಿದ.

ನಾನು ಕಟ್ಟಿದ್ದು ಹಾಗೇ ಇರಲಿ, ಒಡೆಯುವುದಾದರೆ ಇಲ್ಲಿ ಒಡೆಯಬೇಕು, ನೀರಿನ ಹಳೆಯ ದಾರಿ ಇದೇ, ಇದರ ಮೇಲೆಯೇ ಒಡ್ಡು ಹಾಕಿದ್ದಾರೆ ಎಂದ. ನಕ್ಷೆಯಲ್ಲಿ ಹಾಗಿಲ್ಲವಲ್ಲ ಎಂದು ವಿಶಾಖಾ ಫೋನು ತೆಗೆದು ಅತ್ತ ಇತ್ತ ತಿರುಗಿಸಿದಳು. ಬೀರಮ್ಮ ಮಾತ್ರ ಬಾಯಿಗೆ ಕೈ ಹಚ್ಚಿಕೊಂಡು ನಿಂತಳು. ಅವಳ ಅತ್ತೆ ಸೊಸೆಯಾಗಿ ಬಂದ ಕಾಲಕ್ಕೆ ಸಣ್ಣ ದೋಣಿ ಒಳಗೆ ಬರುತ್ತಿದ್ದ ಹಳ್ಳ ಅಲ್ಲೇ ಇತ್ತಂತೆ. ಅತ್ತೆ ಹೇಳುತ್ತಿದ್ದುದನ್ನು ಅವಳು ಕೇಳಿದ್ದಳು, ಜಾಗ ಯಾರಿಗೂ ನೆನಪಿರಲಿಲ್ಲ. ವಿಶಾಖಾ ನಕ್ಷೆ ನೋಡಿದಳು, ಅಪ್ಪನ ಕಾಲು ನೋಡಿದಳು, ಫೋನು ಒಳಗಿಟ್ಟಳು.

ಇಳಿತ ಪೂರ್ತಿಯಾದ ಹೊತ್ತಿಗೆ ದತ್ತಾತ್ರಿ ಸಲಿಕೆ ಎತ್ತಿದ, ಇಳಿಸಿದ. ಪುಟ್ಟಿಯನ್ನು ಮಗಳ ಮುಂದೆ ಹಿಡಿದ.

"ಕಟ್ಟೂವಾಗ ಕೊನೀ ಪುಟ್ಟಿ ಮನಿ ಮಗಳದು. ಒಡಿಯೂವಾಗ ಮೊದಲ್ನೇದು ಯಾರದಂತ ನಮ್ಮಪ್ಪ ಹೇಳಿಲ್ಲವ್ವಾ. ನಮ್ಮ ಮನ್ಯಾಗ ಇಲ್ಲೀತನಕ ಯಾರೂ ಒಡದಿಲ್ಲ. ಇದನ್ನೂ ನೀನೇ ಎತ್ತು," ಅಂದ.

ವಿಶಾಖಾ ಮಣ್ಣು ಅಗೆದು ಪುಟ್ಟಿ ತುಂಬಿ ಎತ್ತಿದಳು. ಈ ಸಲ ಬೀಳಲಿಲ್ಲ. ಆಮೇಲೆ ಅವನು ಕೈ ಹಾಕಿದ. ಕಟ್ಟುವಾಗ ಹೇಗೆ ಒಂದೊಂದು ಪದರ ಕಟ್ಟುತ್ತಿದ್ದನೋ ಹಾಗೇ ಒಂದೊಂದು ಪದರ ತೆಗೆದ; ಗೇಣು ತೆಗೆದು, ನೀರು ಇಳಿಯಲು ಬಿಟ್ಟು, ಮತ್ತೆ ಗೇಣು. ಸಂಜೆಗೆ ಅರ್ಧ, ಮರುದಿನದ ಇಳಿತಕ್ಕೆ ಉಳಿದರ್ಧ. ಒಂದು ಸಸಿಯೂ ಕಿತ್ತು ಬರಲಿಲ್ಲ. ಕೊನೆಯ ಪದರ ಹೋದಾಗ ನೀರು ತನ್ನ ಹಳೆಯ ದಾರಿ ಗುರುತು ಹಿಡಿದಂತೆ ಸರಾಗ ಹೊರಟಿತು. ಬೀರಮ್ಮ ಕೈ ತೋರಿಸಿದ ಕಡೆ ನೋಡಿದರೆ, ವಿಶಾಖಾ ಕೈಬಿಟ್ಟಿದ್ದ ಆ ಬೆಳ್ಳಗಿನ ಮೂಲೆಯ ನೀರೂ ಕದಲಿತ್ತು. ಹಿಂದಿನ ಬಾಯಿ ಇದ್ದಾಗ ಅದು ಎಂದೂ ಕದಲಿದ್ದಿಲ್ಲ. ತೇಲುತ್ತಿದ್ದ ಒಂದು ಒಣ ಎಲೆ ಆ ಮೂಲೆಯಿಂದ ಹೊರಟು, ಅವರ ಕಾಲ ಬಳಿ ಹಾದು, ಹೊಳೆ ಸೇರಿತು.

ದತ್ತಾತ್ರಿ ದಂಡೆಯಲ್ಲಿ ಕೂತು ನೀರು ಹೋಗುವುದನ್ನು ಕೊನೆಯವರೆಗೆ ನೋಡಿದ. ಎದ್ದು ಹೋಗಲಿಲ್ಲ, ಜೇಬಿನ ಸುತಳಿ ಮುಟ್ಟಲಿಲ್ಲ. ಸಂಜೆ ಉಬ್ಬರಕ್ಕೆ ಅದೇ ದಾರಿಯಲ್ಲಿ ನೀರು ತಿರುಗಿ ಒಳಗೆ ಬಂತು.

"ಬಂತಲ್ಲವ್ವಾ," ಅಂದ, ಮೆಲ್ಲಗೆ.

"ದಿನಾ ಬರ್ತದಪ್ಪಾ," ಅಂದಳು ವಿಶಾಖಾ.

ಹೋದ ನೀರು ತಿರುಗಿ ಬರುವುದನ್ನು ಬೀದರ ಜಿಲ್ಲೆಯಲ್ಲಿ ಯಾರೂ ಕಂಡಿಲ್ಲ. ಅವನ ಕಣ್ಣು ತುಂಬಿ ಬಂತು, ಅದನ್ನು ಅವನು ತಡೆಯಲೂ ಇಲ್ಲ.

ಆರು ನೂರರಲ್ಲಿ ನೂರಾ ಮೂವತ್ತು ಸಸಿ ಸತ್ತವು. ವರದಿಯ ಕಾರಣದ ಕಾಲಂನಲ್ಲಿ ವಿಶಾಖಾ ‘ಮಾನವ ಹಸ್ತಕ್ಷೇಪ’ ಎಂದು ಬರೆದಳು. ಹಾಗಂದರೇನು ಎಂದು ಅನುಸೂಯಾಬಾಯಿ ಕೇಳಿದಳು. ಹಾಗಂದರೆ ಅಪ್ಪ ಎಂದಳು. ತಾನು ಹಾಕಿದ್ದು ಒಂದೇ ಪುಟ್ಟಿ, ತನ್ನ ಹೆಸರು ಬರೆಯಬಾರದು ಎಂದು ಅವಳು ಊರಿಗೆ ಹೊರಡುವವರೆಗೂ ತಾಕೀತು ಮಾಡಿದಳು.

ಕುಶನೂರಿಗೆ ಬಂದ ಮೇಲೆ ಹೋಟೆಲಿನಲ್ಲಿ ದತ್ತಾತ್ರಿ ಹಳೆಯ ಮಾತು ಎತ್ತಲಿಲ್ಲ. ಚಹಾ ಸೋಸದೆ ಕಾದ ಅಬ್ದುಲ ಖಾದರನಿಗೆ ಕೊನೆಗೆ ಎಲ್ಲವನ್ನೂ ಹೇಳಿಬಿಟ್ಟ. ತಾವೆಲ್ಲ ಮೆಚ್ಚಿ ನಿಟ್ಟುಸಿರು ಬಿಟ್ಟಿದ್ದು ಸಾಯುತ್ತಿದ್ದ ಹೊಂಡಕ್ಕೆ ಎಂದು ತಿಳಿದು ಹೋಟೆಲಿನವರಿಗೂ ಪೆಚ್ಚಾಯಿತು. ಅಲ್ಲಿಂದ ಆ ಹೊಂಡದ ಪಾಪದಲ್ಲಿ ತಮಗೂ ಪಾಲಿದೆ ಎಂಬಂತೆ ಎಲ್ಲರೂ ಅದರ ಸುದ್ದಿ ಕೇಳತೊಡಗಿದರು. ವಿಶಾಖಾ ವಾರಕ್ಕೊಮ್ಮೆ ಕಳಿಸುವ ವಿಡಿಯೋ ಹೋಟೆಲಿನಲ್ಲಿ ಸುತ್ತು ಹಾಕಿ ಬರುತ್ತಿತ್ತು. ಆರು ನೂರು ಕಿಲೋಮೀಟರು ದೂರದ ಹೊಳೆಯಲ್ಲಿ ಇವತ್ತು ಉಬ್ಬರ ಎಷ್ಟು ಗಂಟೆಗೆ ಎಂದು ಸೋಯಾ ಬಿತ್ತಿ ಬಂದವರಿಗೆ ಅಬ್ದುಲ ಖಾದರ ಹೇಳುವ ಮಟ್ಟಕ್ಕೆ ಬಂತು. ಸಸಿಗಳ ಹಳದಿ ಎಲೆ ಉದುರಿ ಹೊಸ ಚಿಗುರು ಬಂದದ್ದನ್ನು ಎಲ್ಲರೂ ನೋಡಿದರು. ಆದರೆ ಸಮಿತಿ ಏನು ಹೇಳುತ್ತದೋ ಎಂಬುದು ದತ್ತಾತ್ರಿಯ ಎದೆಯಲ್ಲಿ ಮುಳ್ಳಿನಂ‌ತೆ ಉಳಿದಿತ್ತು. ಹೊಂಡಗಳು ಮಗಳ ಕೈ ತಪ್ಪಿದರೆ, ತಪ್ಪಿಸಿದವನು ತಾನು.

ಅಕ್ಟೋಬರಿನಲ್ಲಿ ಅವನು ಭಾಲ್ಕಿ ತಾಲೂಕಿನ ಮೆಹಕರದಲ್ಲಿ ಹಾವಗೆಪ್ಪ ಎಂಬ ರೈತನ ಕೃಷಿ ಹೊಂಡದ ದಂಡೆ ಮುಗಿಸುತ್ತಿದ್ದ. ಕೊನೆಯ ಪುಟ್ಟಿ ತುಂಬಿಟ್ಟಿತ್ತು. ಹಾವಗೆಪ್ಪನ ಮಗಳು ಗಿರಿಜಾಬಾಯಿ ಸೆರಗು ಸಿಕ್ಕಿಸಿ ಪುಟ್ಟಿಗೆ ಕೈ ಹಾಕುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು. ಒಂದು ನಿಮಿಷ ತಡಿಯವ್ವಾ ಎಂದು ದತ್ತಾತ್ರಿ ಫೋನು ಎತ್ತಿದ.

ಸಮಿತಿಯವರು ಬಂದು ಹೋದರು ಎಂದಳು ವಿಶಾಖಾ. ನೆಟ್ಟ ಸಸಿಗಳ ಕಡೆ ಅವರು ಹೆಚ್ಚು ನೋಡಲೇ ಇಲ್ಲವಂತೆ. ಬೀರಮ್ಮ ಅವರನ್ನು ನೇರ ಆ ಬೆಳ್ಳಗಿನ ಮೂಲೆಗೆ ಕರೆದುಕೊಂಡು ಹೋಗಿದ್ದಳು. ಈಗ ಅದು ಬೆಳ್ಳಗಿಲ್ಲ. ಮಳೆಗಾಲದಲ್ಲಿ ನೀರೇ ಹೊಳೆಯಿಂದ ಬೀಜ ತಂದು ಹಾಕಿ, ಅಲ್ಲಿ ಯಾರೂ ನೆಡದ ನಲವತ್ತೊಂದು ಕಾಂಡ್ಲಾ ಮೊಳಕೆ ಎದ್ದಿದ್ದವು. ನೆಡದೆ ಬಂದದ್ದನ್ನು ಕಂಡ ಮೇಲೆ ಸಮಿತಿಯ ಹಿರಿಯರು ಮಾತು ಬೆಳೆಸಲಿಲ್ಲ.

"ಆರೂ ಕೊಟ್ಟರಪ್ಪಾ," ಅಂದಳು.

ದತ್ತಾತ್ರಿ ದಂಡೆಯ ಮೇಲೆ ಕೂತುಬಿಟ್ಟ. ಗಿರಿಜಾಬಾಯಿ ಗಾಬರಿಯಾಗಿ ಪುಟ್ಟಿ ಬಿಟ್ಟು ನೀರಿನ ಚೆರಗಿ ತಂದಳು. ಆರು ಹೊಂಡದಲ್ಲೂ ಎಲ್ಲಿ ಒಡೆಯಬೇಕೆಂದು ನೀನೇ ಬಂದು ನಡೆದು ಹೇಳಬೇಕು, ಹೆಂಗಸರೆಲ್ಲ ಕಾಯುತ್ತಿದ್ದಾರೆ ಎಂದು ವಿಶಾಖಾ ಹೇಳುತ್ತಲೇ ಇದ್ದಳು. ಅವನು ಹೂಂ, ಹೂಂ ಅನ್ನುತ್ತಿದ್ದ. ಈ ಸಲ ಕಿವಿ ತೆರೆದೇ ಇತ್ತು.

"ಮತ್ತ ಇನ್ನೊಂದು ಮಾತಪ್ಪಾ. ನೀ ಒಡದದ್ದು ಬಾಯಿ ಅದ ಅಲ್ಲ, ಅದಕ್ಕ ಇಲ್ಲಿ ಮಂದಿ ಒಂದು ಹೆಸರು ಇಟ್ಟಾರ. ಸಮಿತಿ ಕಾಗದದಾಗೂ ಅದೇ ಬರದಾರ. ಬೀದರಣ್ಣನ ಕೋಡಿ."

ಅವನು ಇನ್ನೊಮ್ಮೆ ಹೇಳಿಸಿದ. ಲೈನು ಸರಿಯಿಲ್ಲ ಎಂದು ಮೂರನೇ ಸಲವೂ ಹೇಳಿಸಿದ. ಲೈನು ಸರಿಯಾಗಿಯೇ ಇತ್ತು.

ಫೋನು ಇಟ್ಟ ಮೇಲೆ ಹಾವಗೆಪ್ಪ, ಏನು ಸುದ್ದಿ ಎಂದು ಕೇಳಿದ. ಏನಿಲ್ಲ ಎಂದ ದತ್ತಾತ್ರಿ. ಗಿರಿಜಾಬಾಯಿ ಕೊನೆಯ ಪುಟ್ಟಿ ಸುರಿದಳು. ಅವನು ಅದನ್ನು ಸಲಿಕೆಯ ಬೆನ್ನಿನಿಂದ ಸವರಿ, ಬಡಿದು, ಹಾವಗೆಪ್ಪನ ಒಡ್ಡು ಮುಗಿಯಿತು ಎಂದು ಹೇಳಿದ. ನಲವತ್ತು ವರ್ಷದಲ್ಲಿ ಅವನು ಕಟ್ಟಿದ ಒಡ್ಡುಗಳಿಗೆ ಲೆಕ್ಕವಿಲ್ಲ, ಎಲ್ಲವೂ ಹೊಲದವರ ಹೆಸರಿನಲ್ಲಿವೆ. ಒಡೆದದ್ದು ಒಂದೇ, ಅದು ಅವನ ಹೆಸರಿನಲ್ಲಿದೆ. ಸಂಜೆ ಕುಶನೂರಿಗೆ ಮುಟ್ಟಿ ನೋಡಿದರೆ ಅನುಸೂಯಾಬಾಯಿ ಆಗಲೇ ದಾರಿಗೆಂದು ಕಡಕ್ ರೊಟ್ಟಿ ಬಡಿಯುತ್ತಿದ್ದಳು. ಸಲಿಕೆ ಸುತ್ತುವ ಗೋಣಿಚೀಲ ಬಾಗಿಲ ಬಳಿ ಇಟ್ಟಿತ್ತು.